ಬಾಗಿದ ಬೇರಿಗೆ ಬಳುಕುವ ಲೋಹ

ಹಲ್ಲುನೋವು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಲವಂಗ, ಆಮೇಲೆ ಉಪ್ಪುನೀರು, ಅದಕ್ಕೂ ಬಗ್ಗದಿದ್ದರೆ ಔಷಧದ ಅಂಗಡಿಯ ನೋವಿನ ಗುಳಿಗೆ, ಕೊನೆಗೆ "ಕೀಳಿಸಿಬಿಡಿ, ಪೀಡೆ ತೊಲಗಲಿ" ಎಂಬ ಹಿರಿಯರ ಅಪ್ಪಣೆ. ಈ ಕ್ರಮವು ಬಹುಕಾಲದಿಂದ ನಡೆದುಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಇದರ ನಡುವೆ ರೂಟ್ ಕೆನಾಲ್ ಎಂಬ ಮಾತು ಸೇರಿಕೊಂಡಿದೆ. ದಂತವೈದ್ಯರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಬೇರು ಬಾಗಿದೆ, ಮೋಟಾರಿನ ಫೈಲ್ ಬಳಸಬೇಕಾಗುತ್ತದೆ" ಎಂದರೆ, ಹೊರಗೆ ಬಂದ ಮನೆಮಂದಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಬಿಲ್ಲು ಹೆಚ್ಚಿಸುವುದಕ್ಕೆ ಇದೊಂದು ಹೊಸ ನೆಪವಿರಬಹುದೇ ಎಂಬ ಸಂಶಯ ಆ ನೋಟದಲ್ಲಿರುತ್ತದೆ. ಬಂಧುಗಳೇ, ಆ ಸಂಶಯವು ನಮಗೂ ಇತ್ತು. ವ್ಯಾಕರಣ ಶಾಸ್ತ್ರಗಳನ್ನು ಓದಿಕೊಂಡು ಬಂದ ನಮಗೆ ದಂತವಿದ್ಯೆಯ ಗಂಧವಿರಲಿಲ್ಲ. ಒಂದು ಹಲ್ಲನ್ನು ಕಳೆದುಕೊಂಡು, ಇನ್ನೊಂದನ್ನು ಉಳಿಸಿಕೊಂಡ ಮೇಲೆ, ಈ ಎರಡರ ನಡುವಣ ಅಂತರವೇನೆಂದು ತಿಳಿಯುವ ಹಂಬಲ ಹುಟ್ಟಿತು. ಬಲ್ಲವರನ್ನು ಕೇಳಿ, ಓದಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಹಲ್ಲು ಹೊರಗೆ ಕಲ್ಲಿನಂತೆ ಕಂಡರೂ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ನರ ಮತ್ತು ರಕ್ತನಾಳಗಳು ಕೂಡಿದ ಮೃದುವಾದ ತಿರುಳಿದೆ. ಅದು ಹಲ್ಲಿನ ತಲೆಯಲ್ಲಿ ಒಂದು ಕೋಣೆಯಂತಿದ್ದು, ಅಲ್ಲಿಂದ ಪ್ರತಿಯೊಂದು ಬೇರಿನೊಳಕ್ಕೂ ಕೂದಲೆಳೆಯಂತಹ ನಾಳವಾಗಿ ಇಳಿದು, ಬೇರಿನ ತುದಿಯಲ್ಲಿ ದವಡೆಯ ಮೂಳೆಗೆ ಕೂಡಿಕೊಳ್ಳುತ್ತದೆ. ಹುಳುಕು ಆಳಕ್ಕೆ ಇಳಿದಾಗ ರೋಗಾಣುಗಳು ಈ ತಿರುಳನ್ನು ಮುಟ್ಟುತ್ತವೆ, ತಿರುಳು ಸಾಯುತ್ತದೆ, ಸತ್ತ ತಿರುಳು ರೋಗಾಣುಗಳ ಬೀಡಾಗಿ, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ಇದರಲ್ಲಿ ನಿಜವಾದ ಅಪರಾಧಿ ರೋಗಾಣುವೇ ಎಂಬುದನ್ನು 1965ರಲ್ಲಿ ಅಮೆರಿಕೆಯ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಸರಳವಾದೊಂದು ಪ್ರಯೋಗದಿಂದ ತೋರಿಸಿಕೊಟ್ಟರು. ಎರಡು ಗುಂಪಿನ ಇಲಿಗಳ ಹಲ್ಲನ್ನು ತಿರುಳಿನವರೆಗೆ ಕೊರೆದು ತೆರೆದೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಹುಟ್ಟಿನಿಂದಲೇ ರೋಗಾಣುಗಳ ಸೋಂಕಿಲ್ಲದಂತೆ ಸಾಕಿದ ಇಲಿಗಳಲ್ಲಿ, ಗಾಯದ ಬಾಯಿಯಲ್ಲಿ ಅನ್ನದ ಕಸ ತುಂಬಿದ್ದರೂ ತಿರುಳು ಸಾಯಲಿಲ್ಲ; ಬದಲಾಗಿ ತನ್ನ ಮೇಲೆ ತಾನೇ ಗಟ್ಟಿಯಾದ ಹೊದಿಕೆಯನ್ನು ಕಟ್ಟಿಕೊಂಡಿತು.

ಆದುದರಿಂದ ರೂಟ್ ಕೆನಾಲ್ ಚಿಕಿತ್ಸೆಯೆಂದರೆ ಇಷ್ಟೇ: ಸತ್ತ ತಿರುಳನ್ನು ತೆಗೆಯುವುದು, ನಾಳವನ್ನು ಸವರಿ ಅಗಲಿಸಿ ಔಷಧದ ನೀರು ತುದಿಯವರೆಗೆ ಹೋಗುವಂತೆ ಮಾಡುವುದು, ಆಮೇಲೆ ಅದನ್ನು ಭದ್ರವಾಗಿ ತುಂಬಿ ಮುಚ್ಚುವುದು. ಹೇಳುವುದಕ್ಕೆ ಒಂದು ವಾಕ್ಯ. ಮಾಡುವುದು ಕಷ್ಟ, ಏಕೆಂದರೆ ನಾಳಗಳು ನೆಟ್ಟಗಿರುವುದಿಲ್ಲ. ಕೆಳದವಡೆಯ ಮೊದಲನೆಯ ದೊಡ್ಡ ದವಡೆಹಲ್ಲನ್ನೇ ತೆಗೆದುಕೊಳ್ಳಿ. ಬಾಲ್ಯದಲ್ಲಿ ಆರನೆಯ ವರ್ಷದ ಸುಮಾರಿಗೆ ಹುಟ್ಟುವ ಈ ಹಲ್ಲು ಹುಳುಕಿಗೆ ಎಲ್ಲಕ್ಕಿಂತ ಮೊದಲು ತುತ್ತಾಗುವಂಥದು. ಇದಕ್ಕೆ ಸಾಮಾನ್ಯವಾಗಿ ಎರಡು ಬೇರು. ಮುಂದಿನ ಬೇರಿನಲ್ಲಿ ಎರಡು ನಾಳಗಳಿದ್ದು, ಅವು ಹಿಂದಕ್ಕೆ ಕುಡುಗೋಲಿನಂತೆ ಬಾಗಿರುತ್ತವೆ. ಹಲ್ಲಿನ ಮೇಲ್ತುದಿಯಿಂದ ಬೇರಿನ ತುದಿಗೆ ಸುಮಾರು 21 ಮಿಲಿಮೀಟರ್ ಉದ್ದ. ತುದಿಯಲ್ಲಿ ನಾಳದ ಅಗಲ ಮಿಲಿಮೀಟರಿನ ಒಂದು ಪುಟ್ಟ ಅಂಶ. ಈ ಬಾಗನ್ನು ಅಳೆಯುವ ವಿಧಾನವನ್ನು 1971ರಲ್ಲಿ ಷ್ನೈಡರ್ ಎಂಬವರು ಗೊತ್ತುಮಾಡಿದರು. ಅವರ ಲೆಕ್ಕದಲ್ಲಿ 5 ಡಿಗ್ರಿಯವರೆಗಿನದು ನೇರ ನಾಳ, 10ರಿಂದ 20 ಸಾಧಾರಣ ಬಾಗು, 25ಕ್ಕೆ ಮೇಲ್ಪಟ್ಟದ್ದು ತೀವ್ರ ಬಾಗು. ಇಷ್ಟು ಸಾಲದೆಂಬಂತೆ, ಎಕ್ಸ್-ರೇ ಚಿತ್ರವು ಹಿಂದುಮುಂದಿನ ಬಾಗನ್ನು ಮಾತ್ರ ತೋರಿಸುತ್ತದೆ. ಕೆನ್ನೆಯ ಕಡೆಗೋ ನಾಲಗೆಯ ಕಡೆಗೋ ಇರುವ ಬಾಗು ಅದರಲ್ಲಿ ಅಡಗಿಬಿಡುತ್ತದೆ. ಚಿತ್ರದಲ್ಲಿ ನೆಟ್ಟಗೆ ಕಂಡ ಬೇರು ಕೈಗೆ ಸಿಕ್ಕಾಗ ಡೊಂಕಾಗಿರುವುದು ವೈದ್ಯರಿಗೆ ನಿತ್ಯದ ಅನುಭವ.

ಈ ನಾಳವನ್ನು ಸವರುವ ಸಾಧನಕ್ಕೆ ಫೈಲ್ ಎಂದು ಹೆಸರು. ಕಮ್ಮಾರನ ಅರಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರಿರುವುದು ಆಕಸ್ಮಿಕವಲ್ಲ. ಎರಡೂ ಉಜ್ಜುವ ಕೆಲಸದವೇ. ಇಂತಹ ಮೊದಲ ಸಾಧನವನ್ನು 1838ರಲ್ಲಿ ಅಮೆರಿಕೆಯ ಎಡ್ವರ್ಡ್ ಮೇನಾರ್ಡ್ ಎಂಬ ದಂತವೈದ್ಯರು ಗಡಿಯಾರದ ಸ್ಪ್ರಿಂಗನ್ನು ಉಜ್ಜಿ ಮಾಡಿಕೊಂಡರೆಂದು ಈ ವಿದ್ಯೆಯ ಇತಿಹಾಸಕಾರರು ಬರೆಯುತ್ತಾರೆ. ಈ ಮಹನೀಯರು ಬಂದೂಕಿನ ಸುಧಾರಣೆಗಾಗಿಯೂ ಹೆಸರಾದವರು. ದಂತವೈದ್ಯರಿಗೂ ಆಯುಧಗಳಿಗೂ ಆಗ ಕೂಡಿಬಂದ ನಂಟು ಮುಂದೆ ಇನ್ನೊಮ್ಮೆ ಕಾಣಿಸಿಕೊಳ್ಳಲಿದೆ. ಯಂತ್ರದಿಂದ ನಾಳವನ್ನು ಸವರುವ ಯೋಚನೆಯೂ ಹಳೆಯದೇ. 1889ರಲ್ಲಿ ಬಾಸ್ಟನ್ನಿನ ವಿಲಿಯಂ ರಾಲಿನ್ಸ್ ಸೂಜಿಯಂತಹ ಸಾಧನವನ್ನು ಪೂರ್ತಿ ಸುತ್ತು ತಿರುಗಿಸುವ ಕೈಯಂತ್ರವೊಂದನ್ನು ರಚಿಸಿದರು. ಸೂಜಿ ಮುರಿದೀತೆಂಬ ಭಯದಿಂದ ಅದರ ವೇಗವನ್ನು ನಿಮಿಷಕ್ಕೆ 100 ಸುತ್ತಿಗೆ ಮಿತಗೊಳಿಸಿದ್ದರು. 1964ರಲ್ಲಿ ಫ್ರಾನ್ಸಿನಿಂದ ಜಿರೋಮ್ಯಾಟಿಕ್ ಎಂಬ ಯಂತ್ರ ಬಂದಿತು. ಅದು ಪೂರ್ತಿ ತಿರುಗದೆ, ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ಹೊರಳಾಡುತ್ತಿತ್ತು. ಯಂತ್ರಗಳು ಬದಲಾದವು, ಅವುಗಳ ತುದಿಯಲ್ಲಿದ್ದುದು ಮಾತ್ರ ಉಕ್ಕೇ. ನೇರ ನಾಳದಲ್ಲಿ ಅವು ದುಡಿದವು. ಬಾಗಿದ ನಾಳದಲ್ಲಿ ಕೆಡಿಸಿದವು.

ಕೆಡಿಸಿದ ಬಗೆ ಹೇಗೆಂಬುದನ್ನು ತುಸು ನಿಧಾನವಾಗಿ ತಿಳಿಯಬೇಕು. ಈ ಲೇಖನದ ಮರ್ಮ ಇರುವುದೇ ಅಲ್ಲಿ. ಉಕ್ಕಿನ ತಂತಿಯನ್ನು ಡೊಂಕು ಕೊಳವೆಯೊಳಗೆ ತೂರಿದರೆ ಅದು ಬಾಗುತ್ತದೆ, ಆದರೆ ಒಪ್ಪಿ ಬಾಗುವುದಿಲ್ಲ. ಪ್ರತಿಕ್ಷಣವೂ ನೆಟ್ಟಗಾಗಲು ಹವಣಿಸುತ್ತಿರುತ್ತದೆ. ಸಣ್ಣ ಫೈಲುಗಳಲ್ಲಿ ಈ ಹಟ ಅಲ್ಪ. ದಪ್ಪವಾದಂತೆ ಹಟ ಹೆಚ್ಚು. ನೆಟ್ಟಗಾಗಲು ಹೊರಟ ತಂತಿಯ ತುದಿ ನಾಳದ ಹೊರಬಾಗಿನ ಗೋಡೆಯನ್ನು ಒತ್ತುತ್ತದೆ. ನಡುಭಾಗ ಒಳಬಾಗಿನ ಗೋಡೆಯನ್ನು ಒತ್ತುತ್ತದೆ. ಉಜ್ಜುವ ಸಾಧನವು ಎಲ್ಲಿ ಒತ್ತುವುದೋ ಅಲ್ಲಿಯೇ ಸವೆಸುತ್ತದೆ. ಹೀಗಾಗಿ ನಾಳದ ತುದಿ ಹೊರಮಗ್ಗುಲಿಗೆ ಹರಿದು ಅಗಲವಾಗುತ್ತದೆ, ನಡುವೆ ಒಳಮಗ್ಗುಲು ತೆಳುವಾಗುತ್ತದೆ, ಇವೆರಡರ ಮಧ್ಯೆ ಒಂದು ಇಕ್ಕಟ್ಟು ಉಳಿಯುತ್ತದೆ. ಹರಳುಗಲ್ಲಿನಂತೆ ಕಾಣುವ ಅಚ್ಚುಗಳಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದವರು ಅಮೆರಿಕೆಯ ವೈನ್ ಮತ್ತು ಅವರ ಸಂಗಡಿಗರು, 1975ರಲ್ಲಿ. ನುರಿತ ಕೈಗಳು ಮಾಡಿದ ಕೆಲಸದಲ್ಲಿಯೂ ಈ ವಿಕಾರ ಕಂಡುಬಂದಿತು. ಕೆಲವೊಮ್ಮೆ ಗೋಡೆಯಲ್ಲಿ ಮೆಟ್ಟಿಲು ಬಿದ್ದು, ಮುಂದಿನ ಫೈಲ್ ಆ ಮೆಟ್ಟಿಲಿಗೆ ತಾಗಿ ನಿಂತುಬಿಡುತ್ತದೆ. ನಿಜವಾದ ದಾರಿ ಪಕ್ಕದಲ್ಲಿದ್ದರೂ ಸಿಗುವುದಿಲ್ಲ. ಕೆಳಗಿನ ದವಡೆಹಲ್ಲಿನ ಮುಂದಿನ ಬೇರಿನಲ್ಲಿ, ಎರಡು ಬೇರುಗಳು ಕವಲೊಡೆಯುವ ಕಡೆಯ ಗೋಡೆ ಹುಟ್ಟಿನಿಂದಲೇ ತೆಳು. ಅಲ್ಲಿ ಸವೆತವಾದರೆ ಗೋಡೆಯೇ ತೂತಾಗುತ್ತದೆ.

ನಮ್ಮ ಬಲಗಡೆಯ ಹಲ್ಲಿಗೆ ಆದದ್ದು ಇದೇ. 1991ರ ಮಾತು. ನಾವಾಗ ಸಂಸ್ಕೃತ ಪಾಠಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆವು. ಜಿಲ್ಲಾ ಕೇಂದ್ರದ ವೈದ್ಯರೊಬ್ಬರ ಬಳಿ ಐದು ಸಲ ಹೋಗಿ ಬಂದೆವು. ಅವರು ಸಮಾಧಾನಿಗಳು, ಕೈ ಹಗುರ. ಉಕ್ಕಿನ ಫೈಲುಗಳನ್ನು ಬೆರಳುಗಳ ನಡುವೆ ತಿರುವುತ್ತ, ಒಂದೊಂದು ನಾಳಕ್ಕೂ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ದುಡಿಯುತ್ತಿದ್ದರು. ನಾಲ್ಕನೆಯ ಸಲ ಇದ್ದಕ್ಕಿದ್ದಂತೆ ಹಲ್ಲಿನೊಳಗಿಂದ ರಕ್ತ ಜಿನುಗಿತು. ಅವರು ಕೈ ನಿಲ್ಲಿಸಿ, ಬಹಳ ಹೊತ್ತು ಮಾತಾಡಲಿಲ್ಲ. ಐದನೆಯ ಸಲ ಏನೋ ಔಷಧವಿಟ್ಟು ಮುಚ್ಚಿದರು. ಎಂಟು ತಿಂಗಳಲ್ಲಿ ಒಸಡು ಊದಿ, ಬಿರುಕುಬಿಟ್ಟು, ಹಲ್ಲು ಹೋಯಿತು. ಎಷ್ಟೋ ವರ್ಷಗಳವರೆಗೆ ನಾವು ಅವರ ಮೇಲೆ ಬೇಸರ ಇಟ್ಟುಕೊಂಡಿದ್ದೆವು. ಈಗ ಈ ವಿಷಯವನ್ನು ಓದಿಕೊಂಡ ಮೇಲೆ ಆ ಬೇಸರ ಉಳಿದಿಲ್ಲ. ಅವರ ಕೈಯಲ್ಲಿ ತಪ್ಪಿರಲಿಲ್ಲವೆಂದು ಹೇಳಲಾರೆವು, ಆದರೆ ತಪ್ಪಿನ ಪಾಲು ದೊಡ್ಡದಾಗಿ ಉಕ್ಕಿನದು.

ಇನ್ನು ಉಕ್ಕನ್ನು ಬಿಟ್ಟು ಹೊಸ ಲೋಹದ ಕಥೆಗೆ ಬರೋಣ. ಇದು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕೆಯ ಮೇರಿಲ್ಯಾಂಡ್ ಪ್ರಾಂತದಲ್ಲಿ ನೌಕಾದಳದ ಆಯುಧ ಪ್ರಯೋಗಾಲಯವಿತ್ತು. ಅಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹಶಾಸ್ತ್ರಜ್ಞರು ಕ್ಷಿಪಣಿಯ ಮೂತಿಗೆ ತಕ್ಕ ಲೋಹವನ್ನು ಅರಸುತ್ತಿದ್ದರು. ನಿಕಲ್ ಮತ್ತು ಟೈಟಾನಿಯಂ ಸೇರಿಸಿದ ಮಿಶ್ರಲೋಹದ ಸಲಾಕೆಗಳನ್ನು ಕರಗಿಸಿ ಎರಕಹೊಯ್ದಿದ್ದರು. 1959ರಲ್ಲಿ ಒಂದು ದಿನ, ತಣ್ಣಗಾದ ಸಲಾಕೆಯೊಂದನ್ನು ಅವರು ನೆಲಕ್ಕೆ ಬೀಳಿಸಿದಾಗ ಮಣ್ಣುಮುದ್ದೆ ಬಿದ್ದಂತೆ ಸಪ್ಪೆ ಶಬ್ದವಾಯಿತು. ಇನ್ನೂ ಬಿಸಿಯಾಗಿದ್ದ ಸಲಾಕೆಯನ್ನು ಬೀಳಿಸಿದರೆ ಗಂಟೆಯಂತೆ ನಾದಗೈಯಿತು. ಅದೇ ಬಿಸಿ ಸಲಾಕೆಯನ್ನು ನೀರಿನಲ್ಲಿ ತಣಿಸಿ ಬೀಳಿಸಿದರೆ ಮತ್ತೆ ಸಪ್ಪೆ! ಒಂದೇ ಲೋಹ, ಒಂದೇ ತೂಕ, ಎರಡು ಸ್ವರ. ಒಳಗಿನ ಕಣಗಳ ಜೋಡಣೆಯೇ ಕಾವಿಗೆ ತಕ್ಕಂತೆ ಬದಲಾಗುತ್ತಿದೆಯೆಂದು ಅವರು ಊಹಿಸಿದರು. ಘನಪಾಠವನ್ನು ಕಿವಿಯಿಂದಲೇ ತಿದ್ದಿಸಿಕೊಂಡು ಕಲಿತ ನಮಗೆ, ಒಬ್ಬ ವಿಜ್ಞಾನಿ ಲೋಹದ ಗುಟ್ಟನ್ನು ಕಿವಿಯಿಂದ ಹಿಡಿದನೆಂಬುದು ಬಹಳ ಹಿಡಿಸಿತು.

ಎರಡು ವರ್ಷಗಳ ಮೇಲೆ, 1961ರಲ್ಲಿ, ಪ್ರಯೋಗಾಲಯದ ಸಭೆಯೊಂದರಲ್ಲಿ ಈ ಲೋಹದ ಪಟ್ಟಿಯನ್ನು ಹಾರ್ಮೋನಿಯಂ ತಿದಿಯಂತೆ ಮಡಿಸಿ ಕೈಯಿಂದ ಕೈಗೆ ದಾಟಿಸಿದರು; ಎಷ್ಟು ಸಲ ಬಾಗಿಸಿದರೂ ದಣಿಯದೆಂದು ತೋರಿಸುವುದು ಉದ್ದೇಶ. ಸಭೆಯಲ್ಲಿದ್ದ ಡೇವಿಡ್ ಮಜ್ಜಿ ಎಂಬ ಅಧಿಕಾರಿ ಕುತೂಹಲಕ್ಕೆಂದು ತಮ್ಮ ಚುಂಗಾಣಿ ಹಚ್ಚುವ ಲೈಟರಿನ ಉರಿಯನ್ನು ಅದಕ್ಕೆ ಹಿಡಿದರು. ಮಡಿಕೆಗಳೆಲ್ಲ ಬಿಚ್ಚಿ ಪಟ್ಟಿ ನೆಟ್ಟಗಾಯಿತು. ಈ ನೆನಪಿನ ಗುಣದ ಒಳಗುಟ್ಟನ್ನು ಬಿಡಿಸುವ ಕೆಲಸದಲ್ಲಿ ಫ್ರೆಡರಿಕ್ ವಾಂಗ್ ಎಂಬವರು ಬ್ಯೂಲರರೊಡನೆ ಕೂಡಿದರು. ನಿಕಲ್, ಟೈಟಾನಿಯಂ, ಪ್ರಯೋಗಾಲಯ ಈ ಮೂರರ ಹೆಸರಿನ ಮೊದಲಕ್ಷರಗಳಿಂದ ನಿಟಿನಾಲ್ ಎಂಬ ಹೆಸರು ಬಂದಿತು. ತೂಕದಲ್ಲಿ ನಿಕಲ್ ನೂರಕ್ಕೆ ಸುಮಾರು 56, ಉಳಿದದ್ದು ಟೈಟಾನಿಯಂ. ಕಣಗಳ ಎಣಿಕೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ.

ಹಲ್ಲಿಗೆ ಬೇಕಾದದ್ದು ಈ ಲೋಹದ ಇನ್ನೊಂದು ಗುಣ. ಉಕ್ಕಿನ ತಂತಿಯನ್ನು ಅದರ ಉದ್ದದ ನೂರನೆಯ ಒಂದು ಪಾಲಿನಷ್ಟು ಎಳೆದರೆ ಸಾಕು, ಬಿಟ್ಟಾಗ ಮೊದಲಿನ ರೂಪಕ್ಕೆ ಪೂರ್ತಿ ಮರಳುವುದಿಲ್ಲ. ನಿಟಿನಾಲ್ ಎಂಟು ಪಾಲಿನವರೆಗೆ ಎಳೆಸಿಕೊಂಡರೂ ಹಿಂದಿರುಗಬಲ್ಲದು. ಒತ್ತಡ ಬಿದ್ದಾಗ ಅದರ ಕಣಗಳ ಜೋಡಣೆ ಒಂದು ಬಗೆಯಿಂದ ಇನ್ನೊಂದು ಬಗೆಗೆ ಜಾರಿ, ಒತ್ತಡ ಕಳೆದಾಗ ಮತ್ತೆ ಮೊದಲಿನ ಬಗೆಗೆ ಬಂದು ನಿಲ್ಲುತ್ತದೆ. 1971ರಲ್ಲಿ ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದ ಆಂಡ್ರಿಯಾಸನ್ ಅವರು ವಕ್ರದಂತಗಳನ್ನು ಸಾಲಿಗೆ ತರುವ ತಂತಿಯಾಗಿ ಇದನ್ನು ಬಳಕೆಗೆ ತಂದರು. ಬೇರುನಾಳದವರೆಗೆ ಬರಲು ಇನ್ನೂ 17 ವರ್ಷ ಹಿಡಿಯಿತು. 1988ರಲ್ಲಿ ಹರ್ಮೀತ್ ವಾಲಿಯಾ, ಬ್ರಾಂಟ್ಲಿ, ಗರ್ಸ್ಟೀನ್ ಎಂಬ ಮೂವರು, ಹಲ್ಲು ಸಾಲಿಸುವ ಆ ತಂತಿಯನ್ನೇ ಕಡೆದು 15ನೆಯ ಅಳತೆಯ, ಎಂದರೆ ತುದಿಯಲ್ಲಿ 0.15 ಮಿಲಿಮೀಟರ್ ದಪ್ಪದ ಫೈಲುಗಳನ್ನು ಮಾಡಿ ಪರೀಕ್ಷಿಸಿದರು. ಅದೇ ಅಳತೆಯ ಉಕ್ಕಿನ ಫೈಲಿಗಿಂತ ಅವು ಎರಡರಿಂದ ಮೂರು ಪಟ್ಟು ಹೆಚ್ಚು ಬಳುಕಿದವು; ತಿರುಚುವಿಕೆಯನ್ನೂ ಹೆಚ್ಚು ತಾಳಿಕೊಂಡವು. ಬಾಗಿದ ನಾಳಕ್ಕೆ ಇದು ಒದಗೀತೆಂದು ಅವರು ಬರೆದರು.

ಬಾಗಿನಲ್ಲಿ ನೆಟ್ಟಗಾಗಲು ಹಟಮಾಡದ ಲೋಹ ಸಿಕ್ಕಿತೆಂದ ಮೇಲೆ, ಅದನ್ನು ಪೂರ್ತಿ ಸುತ್ತು ತಿರುಗಿಸುವ ಧೈರ್ಯವೂ ಬಂದಿತು. 1990ರ ದಶಕದ ಮೊದಲರ್ಧದಲ್ಲಿ ಅಮೆರಿಕೆಯ ಜಾನ್ ಮ್ಯಾಕ್‌ಸ್ಪಾಡನ್, ಬೆನ್ ಜಾನ್ಸನ್ ಮೊದಲಾದವರು ಮೋಟಾರಿಗೆ ತೊಡಿಸುವ ನಿಕಲ್ ಟೈಟಾನಿಯಂ ಫೈಲುಗಳನ್ನು ಬಳಕೆಗೆ ತಂದರು. ಇದರೊಡನೆ ಆಕಾರವೂ ಬದಲಾಯಿತು. ಹಳೆಯ ಕೈಫೈಲುಗಳು ತುದಿಯಿಂದ ಹಿಂದಕ್ಕೆ ಪ್ರತಿ ಮಿಲಿಮೀಟರಿಗೆ 0.02 ಮಿಲಿಮೀಟರಿನಷ್ಟು ದಪ್ಪವಾಗುತ್ತ ಬರುತ್ತಿದ್ದವು. ಹೊಸವು 0.04, 0.06ರಷ್ಟು. ತುದಿಯಲ್ಲಿ 0.25 ಇರುವ ಹಳೆಯ ಫೈಲ್ 16 ಮಿಲಿಮೀಟರ್ ಹಿಂದೆ 0.57 ಇದ್ದರೆ, 0.04ರ ಹೊಸದು 0.89 ಇರುತ್ತದೆ. ಇದರ ಪ್ರಯೋಜನವೇನೆಂದರೆ, ನಾಳವು ಮೇಲೆ ಅಗಲ, ಕೆಳಗೆ ಕಿರಿದು ಎಂಬ ಆಲಿಕೆಯ ಆಕಾರವನ್ನು ಬೇಗ ಪಡೆಯುತ್ತದೆ. ತೊಳೆಯುವ ನೀರು ಇಳಿಯುವುದಕ್ಕೂ, ತುಂಬುವ ವಸ್ತು ಕೂರುವುದಕ್ಕೂ ಈ ಆಕಾರವೇ ಬೇಕೆಂದು ಬಾಸ್ಟನ್ನಿನ ಷಿಲ್ಡರ್ ಅವರು 1974ರಲ್ಲಿಯೇ ಪ್ರತಿಪಾದಿಸಿದ್ದರು. ಅವರು ಕೇಳಿದ ಆಕಾರವನ್ನು ಡೊಂಕು ನಾಳದಲ್ಲಿ ಸುಲಭವಾಗಿ ಕೊಡುವ ಲೋಹ ಆಗ ಇರಲಿಲ್ಲ. ಅಷ್ಟು ದಪ್ಪದ ಉಕ್ಕು ಬಾಗುವುದೇ ಇಲ್ಲ. 2001ರಲ್ಲಿ ಒಂದೇ ಫೈಲಿನ ಉದ್ದಕ್ಕೂ ದಪ್ಪದ ಏರಿಕೆ ಬೇರೆಬೇರೆಯಾಗಿರುವ ಪ್ರೋಟೇಪರ್ ಎಂಬ ಮಾದರಿ ಬಂದು ನಮ್ಮ ದೇಶದ ದಂತವೈದ್ಯರಲ್ಲಿಯೂ ಬಹಳ ಪ್ರಚಾರ ಪಡೆಯಿತು.

ಮೋಟಾರ್ ಎಂದೊಡನೆ ಹಲವರಿಗೆ ಹುಳುಕು ಕೊರೆಯುವಾಗ ಕಿವಿಗಡಚಿಕ್ಕುವ ಆ ಏರೋಟರ್ ನೆನಪಾಗಿ ಮೈ ಜುಮ್ಮೆನ್ನುತ್ತದೆ. ಅದು ಬೇರೆ, ಇದು ಬೇರೆ. ಗಾಳಿಯ ಒತ್ತಡದಿಂದ ತಿರುಗುವ ಏರೋಟರ್ ನಿಮಿಷಕ್ಕೆ 3 ಲಕ್ಷ ಸುತ್ತಿಗೂ ಮಿಕ್ಕಿ ತಿರುಗುತ್ತದೆ. ನಾಳದ ಫೈಲ್ ತಿರುಗಿಸುವ ವಿದ್ಯುತ್ ಮೋಟಾರ್ ಸಾಮಾನ್ಯವಾಗಿ ನಿಮಿಷಕ್ಕೆ 300ರ ಆಸುಪಾಸು. ಸದ್ದು ಕೂಡ ದುಂಬಿಯ ಝೇಂಕಾರದಷ್ಟೇ. ಇದರಲ್ಲಿ ವೇಗಕ್ಕಿಂತ ಮಿತಿ ಮುಖ್ಯ. ಫೈಲ್ ಗೋಡೆಗೆ ಕಚ್ಚಿಕೊಂಡು ತಿರುಚುವ ಬಲ ಗೊತ್ತುಪಡಿಸಿದ ಮಟ್ಟವನ್ನು ಮೀರಿದರೆ, ಮೋಟಾರ್ ತಾನಾಗಿಯೇ ನಿಲ್ಲುತ್ತದೆ ಅಥವಾ ಹಿಮ್ಮುಖವಾಗಿ ತಿರುಗಿ ಫೈಲನ್ನು ಬಿಡಿಸಿಕೊಳ್ಳುತ್ತದೆ. ಬೇರಿನ ತುದಿ ಎಷ್ಟು ದೂರವಿದೆಯೆಂದು ವಿದ್ಯುತ್ತಿನ ಮೂಲಕ ಅಳೆದು ತೋರಿಸುವ ಮೋಟಾರುಗಳೂ ಇವೆ.

ಇಷ್ಟು ಓದಿ, ಹಾಗಾದರೆ ಇನ್ನು ಭಯವಿಲ್ಲವೆಂದು ಯಾರೂ ಭಾವಿಸಬಾರದು. ಬಳುಕುವ ಲೋಹಕ್ಕೊಂದು ಕಳ್ಳಗುಣವಿದೆ. ಮಕ್ಕಳು ಕಬ್ಬಿಣದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಬಾಗಿದ ನಾಳದಲ್ಲಿ ಫೈಲ್ ತಿರುಗುವಾಗಲೂ ಆಗುವುದು ಇದೇ. ಬಾಗಿನ ಹೊರಮಗ್ಗುಲಲ್ಲಿರುವ ಲೋಹ ಎಳೆಯಲ್ಪಡುತ್ತದೆ, ಒಳಮಗ್ಗುಲಿನದು ಅದುಮಲ್ಪಡುತ್ತದೆ; ಅರ್ಧ ಸುತ್ತು ತಿರುಗಿದೊಡನೆ ಹೊರಗಿನದು ಒಳಗಾಗಿ, ಒಳಗಿನದು ಹೊರಗಾಗುತ್ತದೆ. ನಿಮಿಷಕ್ಕೆ 300 ಸುತ್ತೆಂದರೆ ಸೆಕೆಂಡಿಗೆ 5. ಹತ್ತು ಸೆಕೆಂಡು ಒಂದೇ ಎಡೆಯಲ್ಲಿ ನಿಲ್ಲಿಸಿದರೆ ಲೋಹದ ಅದೇ ಜಾಗ 50 ಸಲ ಹಿಗ್ಗಿ ಕುಗ್ಗುತ್ತದೆ. ಪ್ರತಿ ಫೈಲಿಗೂ ಇಂತಿಷ್ಟೇ ಸಲ ಎಂಬ ಆಯುಸ್ಸಿದೆ. 1997ರಲ್ಲಿ ಪ್ರೂಯೆಟ್ ಮತ್ತು ಸಂಗಡಿಗರು ತೋರಿಸಿಕೊಟ್ಟಂತೆ, ಬಾಗಿನ ಡಿಗ್ರಿಯಷ್ಟೇ ಅಲ್ಲ, ಬಾಗು ಎಷ್ಟು ಗಿಡ್ಡ ತಿರುವಿನಲ್ಲಿ ಆಗಿದೆ ಎಂಬುದೂ ಈ ಆಯುಸ್ಸನ್ನು ತೀರ್ಮಾನಿಸುತ್ತದೆ. ಘಾಟಿಯ ಹೆದ್ದಾರಿಯ ಅಗಲವಾದ ತಿರುವಿಗೂ ಹಳ್ಳಿಯ ಓಣಿಯ ಮೂಲೆಗೂ ಇರುವ ವ್ಯತ್ಯಾಸವದು. ಇನ್ನೊಂದು ಅಪಾಯ, ತುದಿ ಇಕ್ಕಟ್ಟಿನಲ್ಲಿ ಸಿಕ್ಕಿ ನಿಂತಾಗಲೂ ಹಿಡಿ ತಿರುಗುತ್ತಲೇ ಇರುವುದು. ಉಕ್ಕಿನ ಫೈಲ್ ಮುರಿಯುವ ಮೊದಲು ಅನೇಕ ವೇಳೆ ಸುರುಳಿ ಬಿಚ್ಚಿಕೊಂಡು ಎಚ್ಚರಿಕೆ ಕೊಡುತ್ತಿತ್ತು. ನಿಕಲ್ ಟೈಟಾನಿಯಂ ಹಲವು ಸಲ ಯಾವ ಸುಳಿವನ್ನೂ ಕೊಡದೆ ಪಟಕ್ಕನೆ ತುಂಡಾಗಿ, ತುಂಡನ್ನು ನಾಳದೊಳಗೆ ಬಿಟ್ಟುಬಿಡುತ್ತದೆ.

ಇದನ್ನು ತಗ್ಗಿಸಲು ತಯಾರಕರು ಎರಡು ದಾರಿ ಹಿಡಿದರು. 2007ರಿಂದೀಚೆಗೆ ಲೋಹವನ್ನು ವಿಶೇಷವಾಗಿ ಕಾಯಿಸಿ ಹದಗೊಳಿಸುವ ವಿಧಾನಗಳು ಬಂದವು. ಹೀಗೆ ಹದಗೊಂಡ ಕೆಲವು ಫೈಲುಗಳು ಬಾಗಿಸಿದರೆ ಬಾಗಿದಂತೆಯೇ ಉಳಿಯುತ್ತವೆ, ನೆಟ್ಟಗಾಗುವ ಗೊಡವೆಗೇ ಹೋಗುವುದಿಲ್ಲ. ಬೇಗ ದಣಿಯುವುದೂ ಇಲ್ಲ. ಎರಡನೆಯದು ಚಲನೆಯ ಬದಲಾವಣೆ. 2008ರಲ್ಲಿ ಘಸ್ಸಾನ್ ಯಾರೆದ್ ಎಂಬವರು, ಫೈಲನ್ನು ಒಂದೇ ಸಮನೆ ತಿರುಗಿಸದೆ, ಕೊರೆಯುವ ದಿಕ್ಕಿಗೆ ಹೆಚ್ಚು, ಹಿಂದಕ್ಕೆ ಸ್ವಲ್ಪ ಹೊರಳಿಸುತ್ತ ಒಂದೇ ಫೈಲಿನಿಂದ ನಾಳವನ್ನು ಸವರಿದ ಅನುಭವವನ್ನು ಪ್ರಕಟಿಸಿದರು. ಮುಂದೆ ಇದೇ ತತ್ತ್ವದ ರೆಸಿಪ್ರೋಕ್, ವೇವ್‌ಒನ್ ಮೊದಲಾದ ಫೈಲುಗಳು ಮಾರುಕಟ್ಟೆಗೆ ಬಂದವು. ಜಿರೋಮ್ಯಾಟಿಕ್‌ನ ಹೊರಳಾಟವೇ ಹೊಸ ಲೋಹದೊಡನೆ ಹೊಸ ಲೆಕ್ಕಾಚಾರದಲ್ಲಿ ಮರಳಿ ಬಂತೆನ್ನಬಹುದು. ಇಂತಹ ಫೈಲುಗಳನ್ನು ಒಬ್ಬ ರೋಗಿಗೆ ಬಳಸಿ ಎಸೆಯತಕ್ಕದ್ದೆಂದು ತಯಾರಕರು ಹೇಳುತ್ತಾರೆ. ಹತ್ತು ಹಲ್ಲುಗಳಲ್ಲಿ ದುಡಿದ ಫೈಲ್ ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ಅದರ ಆಯುಸ್ಸು ಎಷ್ಟು ಉಳಿದಿದೆಯೆಂದು ನೋಡಿ ಹೇಳಲು ಬಾರದು. ಬಿಲ್ಲಿನಲ್ಲಿ ಫೈಲಿನ ಬೆಲೆ ಏಕೆ ಸೇರಿದೆಯೆಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ.

ಫೈಲ್ ಮುರಿದರೆ ಹಲ್ಲೇ ಹೋಯಿತೆಂಬ ಭಯವೂ ಸರಿಯಲ್ಲ. ಆಸ್ಟ್ರೇಲಿಯದ ಮೆಲ್ಬರ್ನಿನ ಸ್ಪಿಲಿ, ಪಾರಾಶೋಸ್ ಮತ್ತು ಮೆಸರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುಂಡು ಉಳಿದ ಹಲ್ಲುಗಳಲ್ಲಿ ನೂರಕ್ಕೆ 91.8 ವಾಸಿಯಾಗಿದ್ದವು, ತುಂಡಿಲ್ಲದ, ಅಂತಹವೇ ಆದ ಹಲ್ಲುಗಳಲ್ಲಿ 94.5. ಬೇರಿನ ತುದಿಯಲ್ಲಿ ಮೊದಲೇ ಕೀವಿನ ನೆರಳಿದ್ದ ಹಲ್ಲುಗಳಲ್ಲಿ ಎರಡೂ ಕಡೆ ವಾಸಿ ಕಡಿಮೆ: 86.7 ಮತ್ತು 92.9. ಲೋಹದ ತುಂಡು ತಾನಾಗಿ ವಿಷವಲ್ಲ. ಅದರ ಕೆಳಗೆ ತೊಳೆಯದೆ ಉಳಿದ ರೋಗಾಣುಗಳೇ ಕೇಡಿಗೆ ಮೂಲ. ಕೆಲವು ತುಂಡುಗಳನ್ನು ತಜ್ಞರು ಸೂಕ್ಷ್ಮದರ್ಶಕದ ನೆರವಿನಿಂದ ತೆಗೆಯಬಲ್ಲರು, ಕೆಲವನ್ನು ಬದಿಗಿಟ್ಟು ದಾಟಬಲ್ಲರು, ಕೆಲವನ್ನು ಅಲ್ಲಿಯೇ ಬಿಟ್ಟು ಕಾದು ನೋಡುವುದೇ ವಿವೇಕ.

ಆದರೆ ಹೇಳದೆ ಬಿಡುವುದು ಬೇರೆಯ ಮಾತು. ನಮ್ಮ ಮನೆಯವರ ತಮ್ಮನಿಗೆ 2012ರಲ್ಲಿ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮೇಲಿನ ದವಡೆಹಲ್ಲಿಗೆ ಈ ಚಿಕಿತ್ಸೆಯಾಯಿತು. ಮೂರು ವರ್ಷಗಳ ಮೇಲೆ ಬೇರೊಂದು ಹಲ್ಲಿಗಾಗಿ ಬೇರೊಬ್ಬ ವೈದ್ಯರು ಎಕ್ಸ್-ರೇ ತೆಗೆದಾಗ, ಹಳೆಯ ಹಲ್ಲಿನ ಬೇರಿನಲ್ಲಿ ಮೂರು ಮಿಲಿಮೀಟರಿನಷ್ಟು ಫೈಲಿನ ತುಂಡು ಕಂಡಿತು. ಆ ಹಲ್ಲು ನೋಯುತ್ತಿರಲಿಲ್ಲ, ಬೇರಿನ ತುದಿಯೂ ಚೊಕ್ಕಟವಾಗಿತ್ತು. ಆದರೂ ಆತ ಅಂದು ಸಂಜೆ ನಮ್ಮ ಮನೆಗೆ ಬಂದು ಕುಳಿತು, "ಮಾವಾ, ಬಾಯಿ ನಂದು, ಚೂರೂ ನನ್ನ ಬಾಯಲ್ಲೇ ಇದೆ; ಸುದ್ದಿ ಮಾತ್ರ ಅವರ ಹತ್ತಿರ ಇತ್ತು" ಎಂದ. ಆಮೇಲೆ ಹಲ್ಲಿನ ವೈದ್ಯರೆಂದರೆ ಆತನಿಗೆ ನಂಬಿಕೆಯೇ ಹೋಯಿತು. ಎರಡನೆಯ ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಳ್ಳದೆ ಅದನ್ನು ಕೀಳಿಸಿಯೇ ಬಿಟ್ಟ. ಮುರಿದ ಫೈಲ್ ಒಂದು ಹಲ್ಲನ್ನೂ ಕೆಡಿಸಲಿಲ್ಲ. ಹೇಳದ ಮಾತು ಒಂದು ಹಲ್ಲನ್ನು ತೆಗೆದುಕೊಂಡಿತು. ಮುರಿಯುವುದು ನುರಿತವರ ಕೈಯಲ್ಲಿಯೂ ನಡೆಯುವ ಸಂಗತಿ. ಅಂದೇ ತಿಳಿಸಿ, ಎಕ್ಸ್-ರೇ ತೋರಿಸಿ, ಚೀಟಿಯಲ್ಲಿ ಬರೆದುಕೊಟ್ಟರೆ ಯಾವ ಮನೆಯವರೂ ವೈದ್ಯರನ್ನು ನಿಂದಿಸಲಾರರೆಂದೇ ನಮ್ಮ ನಂಬಿಕೆ. ಚಿಕಿತ್ಸೆಗೆ ಮುನ್ನವೇ ಈ ಸಾಧ್ಯತೆಯನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ಮೋಟಾರ್ ಬಂದಿತೆಂದು ಶುದ್ಧಿಯ ಕೆಲಸ ಮುಗಿಯಲಿಲ್ಲ ಎಂಬುದೂ ತಿಳಿದಿರಲಿ. ಜ್ಯೂರಿಕ್ ನಗರದ ಪೀಟರ್ಸ್ ಮತ್ತು ಸಂಗಡಿಗರು 2001ರಲ್ಲಿ, ಕಿತ್ತ ಮೇಲ್ದವಡೆಯ ಹಲ್ಲುಗಳನ್ನು ಸವರುವ ಮುನ್ನ ಹಾಗೂ ಸವರಿದ ನಂತರ ಸೂಕ್ಷ್ಮ ಸಿ.ಟಿ. ಚಿತ್ರಗಳಿಂದ ಹೋಲಿಸಿ ನೋಡಿದರು. ಯಾವ ಬಗೆಯ ಫೈಲ್ ಬಳಸಿದರೂ ನಾಳದ ಗೋಡೆಯಲ್ಲಿ ನೂರಕ್ಕೆ 35 ಪಾಲು ಅಥವಾ ಅದಕ್ಕೂ ಹೆಚ್ಚು ಭಾಗವನ್ನು ಫೈಲ್ ಮುಟ್ಟಿಯೇ ಇರಲಿಲ್ಲ. ನಾಳಗಳು ದುಂಡಗಿಲ್ಲ, ಚಪ್ಪಟೆ, ಸಂದುಗೊಂದಿ, ಅಡ್ಡಕವಲು ಎಲ್ಲ ಇವೆ. ಅಲ್ಲಿಗೆ ಹೋಗಬೇಕಾದದ್ದು ಸೋಡಿಯಂ ಹೈಪೋಕ್ಲೋರೈಟ್ ಎಂಬ ದ್ರವ. ಬಟ್ಟೆ ಬಿಳುಪು ಮಾಡುವ ದ್ರವದ ಕುಲದ್ದೇ. ಅದು ಸತ್ತ ತಿರುಳನ್ನು ಕರಗಿಸಿ ರೋಗಾಣುಗಳನ್ನು ಕೊಲ್ಲುತ್ತದೆ. ಫೈಲ್ ದಾರಿ ತೆರೆಯುತ್ತದೆ, ತೊಳೆಯುವುದು ನೀರು. ಆ ದ್ರವ ಗಂಟಲಿಗೆ ಇಳಿಯದಂತೆಯೂ, ಎಂಜಲು ನಾಳಕ್ಕೆ ಇಳಿಯದಂತೆಯೂ ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟುತ್ತಾರೆ. ಉಸಿರು ಕಟ್ಟಿದಂತಾಗುತ್ತದೆಂದು ಹಲವರು ಅದನ್ನು ಬೇಡವೆನ್ನುತ್ತಾರೆ. ಬೇಡವೆನ್ನಬೇಡಿ, ಮೂಗಿನಿಂದ ಉಸಿರಾಡಿದರೆ ಏನೂ ತೊಂದರೆಯಿಲ್ಲ.

2017ರಲ್ಲಿ ನಮ್ಮ ಎಡಗಡೆಯ ಹಲ್ಲಿಗೆ ಸರದಿ ಬಂದಿತು. ಕೆಳಗಿನ ಅದೇ ಮೊದಲ ದವಡೆಹಲ್ಲು; ಬಲಗಡೆ ಹೋದದ್ದರ ಜೋಡಿ. ವೈದ್ಯೆಯು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು. ಎಕ್ಸ್-ರೇ ನೋಡಿ, ಮುಂದಿನ ಬೇರು 30 ಡಿಗ್ರಿಗೂ ಹೆಚ್ಚು ಬಾಗಿದೆಯೆಂದಳು. ಮೋಟಾರ್ ಪಕ್ಕದಲ್ಲಿಯೇ ಇದ್ದರೂ ಮುಟ್ಟದೆ, ಕೂದಲಿನಂತಹ ಉಕ್ಕಿನ ಸಣ್ಣ ಫೈಲೊಂದನ್ನು ಬೆರಳಿನಲ್ಲಿ ಹಿಡಿದು, ತುದಿಯನ್ನು ಮೊದಲೇ ಸ್ವಲ್ಪ ಬಾಗಿಸಿಕೊಂಡು ನಾಳಕ್ಕೆ ಇಳಿಸಿದಳು. ನಡುವೆ ಬಾಯಿಗೆ ವಿರಾಮ ಸಿಕ್ಕಾಗ ನಾವು ಕೇಳಿದೆವು, "ಅಲ್ಲವ್ವಾ, ಯಂತ್ರ ಇರುವಾಗ ಕೈಯಿಂದ ಯಾಕೆ?"

"ಗುರುಗಳೇ, ದಾರಿ ಗೊತ್ತಿಲ್ಲದ ಕಡೆ ಯಂತ್ರ ನುಗ್ಗಿಸಿದರೆ ಅದು ಮುರಿದು ಅಲ್ಲೇ ಕೂತುಬಿಡುತ್ತದೆ. ಮೊದಲು ಕೈಯಿಂದ ಕಾಲುದಾರಿ ಮಾಡಬೇಕು. ಹತ್ತನೆಯ ನಂಬರಿನ ಫೈಲ್ ತುದಿ ಮುಟ್ಟಿ ಸಡಿಲವಾಗಿ ಆಡಬೇಕು, ಹದಿನೈದೂ ಆಡಿದರೆ ಇನ್ನೂ ಒಳ್ಳೆಯದು. ಆಮೇಲೆ ಮೋಟಾರ್."

ಎರಡು ನಾಳಗಳಲ್ಲಿ ಒಂದು ಹತ್ತು ನಿಮಿಷದಲ್ಲಿ ದಾರಿ ಕೊಟ್ಟಿತು. ಇನ್ನೊಂದು ಕೊಡಲಿಲ್ಲ. ಮುಕ್ಕಾಲು ಗಂಟೆಯಾದರೂ ಫೈಲ್ ಎರಡು ಮಿಲಿಮೀಟರ್ ಹಿಂದೆಯೇ ನಿಲ್ಲುತ್ತಿತ್ತು. 1991ರ ರಕ್ತ ನಮ್ಮ ನೆನಪಿಗೆ ಬಂದು, ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆವು. ಅವಳು ಅದನ್ನು ಕಂಡು ಕೆಲಸ ನಿಲ್ಲಿಸಿ, "ಇವತ್ತು ಬಲವಂತ ಬೇಡ ಗುರುಗಳೇ" ಎಂದು ಔಷಧವಿಟ್ಟು ತಾತ್ಕಾಲಿಕವಾಗಿ ಮುಚ್ಚಿ ಕಳುಹಿಸಿದಳು. ವಾರದ ಮೇಲೆ ಹೋದಾಗ ಇಪ್ಪತ್ತು ನಿಮಿಷದ ಕೈಕೆಲಸದ ತರುವಾಯ ತುದಿ ಸಿಕ್ಕಿತು. ಮೋಟಾರ್ ಆಡಿದ್ದು ಎಲ್ಲ ನಾಳಗಳಿಗೂ ಸೇರಿ ನಾಲ್ಕೈದು ನಿಮಿಷ ಮಾತ್ರ. ಪ್ರತಿ ಮೂರು ನಾಲ್ಕು ಸಲ ಮೆಲ್ಲನೆ ಇಳಿಸಿ ಎತ್ತಿದ ಮೇಲೆ ಫೈಲನ್ನು ಹೊರತೆಗೆದು ಒರೆಸಿ, ಬೆಳಕಿಗೆ ಹಿಡಿದು ಪರೀಕ್ಷಿಸಿ, ನಾಳವನ್ನು ಮತ್ತೆ ತೊಳೆದು ಮುಂದುವರಿಯುತ್ತಿದ್ದಳು. ಕೆಲಸ ಮುಗಿದ ಮೇಲೆ ಆ ಫೈಲನ್ನು ನಮ್ಮ ಮುಂದೆಯೇ ಸೂಜಿಗಳನ್ನು ಎಸೆಯುವ ಡಬ್ಬಿಗೆ ಹಾಕಿದಳು. ನಾಳಗಳನ್ನು ತುಂಬಿದ ಎಕ್ಸ್-ರೇಯಲ್ಲಿ ಎರಡು ಬಿಳಿಯ ಗೆರೆಗಳು ಬೇರಿನ ಬಾಗನ್ನೇ ಅನುಸರಿಸಿ, ತುದಿಯ ಹತ್ತಿರ ಹಿಂದಕ್ಕೆ ಹೊರಳಿದ್ದವು. ಎರಡು ವಾರದಲ್ಲಿ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡೆವು. ತಿರುಳು ಹೋಗಿ ಟೊಳ್ಳಾದ ದವಡೆಹಲ್ಲು ಕ್ಯಾಪಿಲ್ಲದೆ ಸೀಳುವ ಸಂಭವ ಹೆಚ್ಚೆಂದು ಆಕೆ ಪಟ್ಟು ಹಿಡಿದಳು.

ಮರುವರ್ಷ ತೆಗೆದ ಎಕ್ಸ್-ರೇಯಲ್ಲಿ ಬೇರಿನ ತುದಿಯ ಕಪ್ಪು ನೆರಳು ತುಂಬಿಕೊಂಡಿತ್ತು. ಆ ಹಲ್ಲಿನಿಂದ ಇಂದಿಗೂ ಜೋಳದ ರೊಟ್ಟಿ ಅಗಿಯುತ್ತಿದ್ದೇವೆ. ಬಲಗಡೆಯ ಖಾಲಿ ಜಾಗದಲ್ಲಿ, ಒರಗಲು ಜೋಡಿಯಿಲ್ಲದ ಮೇಲಿನ ಹಲ್ಲು ವರ್ಷ ವರ್ಷಕ್ಕೂ ಕೆಳಗಿಳಿಯುತ್ತ ಬಂದು ಈಗ ಒಸಡಿಗೆ ತಾಗುವಂತಾಗಿದೆ. ಅದಕ್ಕೇನು ಮಾಡುವುದೆಂದು ಕೇಳಲು ಮುಂದಿನ ವಾರ ಹೋಗಬೇಕಾಗಿದೆ.